ಒಂಟಿ ತಂತಿ, ನಾಲ್ಕು ತಂತಿ: ಬೆರಳು ಕಲಿಯುವ ಬಗೆ

(ಉಪನ್ಯಾಸದ ಬರಹ ರೂಪ)



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಮಂಗಳವಾರವೋ ಶುಕ್ರವಾರವೋ ಓಣಿಯ ತುದಿಯಿಂದ ಒಂದು ನಾದ ಕೇಳಿಬರುವುದುಂಟು. ಗುಂಯ್ ಎಂದು ಏರಿ ಡುಂಗ್ ಎಂದು ಇಳಿಯುವ ನಾದ. ಹಿಂದೆಯೇ ತಾಳದ ಸದ್ದು, ಅದರ ಹಿಂದೆ ಎಲ್ಲಮ್ಮನ ಕಥೆಯ ಒಂದು ತುಣುಕು. ಹೊರಗೆ ಬಂದು ನೋಡಿದರೆ ತಲೆಯ ಮೇಲೆ ದೇವಿಯ ಕೊಡ ಅಥವಾ ಕೈಯಲ್ಲಿ ಪಡಲಿಗೆ, ಹಣೆಯ ತುಂಬ ಭಂಡಾರ, ಕಂಕುಳಲ್ಲಿ ಚೌಡಿಕೆ.

ಚೌಡಿಕೆ ನೋಡಲು ಅಷ್ಟೇನೂ ದೊಡ್ಡ ವಾದ್ಯವಲ್ಲ. ಕೊಳಗದಂಥ ಟೊಳ್ಳು ಮರದ ಒಡಲು, ಅದರ ಒಂದು ಬಾಯಿಗೆ ಚರ್ಮದ ಮುಚ್ಚಿಗೆ, ಮುಚ್ಚಿಗೆಯ ನಡುವಿನಿಂದ ಹೊರಟ ಒಂದೇ ಒಂದು ತಂತಿ. ಬಲಗೈ ಆ ತಂತಿಯನ್ನು ಮೀಟುತ್ತದೆ. ಬಿಗಿತ ಹೆಚ್ಚಿದರೆ ಸ್ವರ ಏರುತ್ತದೆ, ಸಡಿಲವಾದರೆ ಇಳಿಯುತ್ತದೆ. ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ. ಸ್ವರ ಇಲ್ಲಿದೆ ಎಂದು ಬೆರಳಿಟ್ಟು ತೋರಿಸುವ ಜಾಗವೇ ಇಲ್ಲ. ಸ್ವರ ಇರುವುದು ನುಡಿಸುವವರ ಕಿವಿಯಲ್ಲಿ ಮತ್ತು ಕೈಯ ಹಿಡಿತದಲ್ಲಿ. ಹೀಗಿರುವಾಗ ಇದನ್ನು ಕಲಿಯುವುದು ಹೇಗೆ, ಕಲಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇನ್ನೊಂದು ವಾದ್ಯವನ್ನು ಅದರ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಪೇಟೆಯ ಸಂಗೀತ ವಾದ್ಯಗಳ ಅಂಗಡಿಗಳಲ್ಲಿ ಗಿಟಾರುಗಳ ಸಾಲಿನ ಕೊನೆಗೆ, ಅವುಗಳ ಮರಿಯೋ ಎಂಬಂತೆ ತೂಗುಹಾಕಿರುವ ಪುಟ್ಟ ವಾದ್ಯವನ್ನು ನೀವು ಕಂಡಿರಬಹುದು. ಅದೇ ಉಕುಲೆಲೆ. ಅಂಗಡಿಯವರ ಬಾಯಲ್ಲಿ ಯುಕಲೇಲಿ. ಅದರ ಅತಿ ಚಿಕ್ಕ ಪ್ರಕಾರ ಒಂದು ಮೊಳಕ್ಕಿಂತ ತುಸು ಉದ್ದ, ಸುಮಾರು 53 ಸೆಂಟಿಮೀಟರ್. ನೈಲಾನಿನ ನಾಲ್ಕು ತಂತಿಗಳಿರುವುದರಿಂದ ಬೆರಳ ತುದಿ ಅಷ್ಟಾಗಿ ನೋಯುವುದಿಲ್ಲ, ಮಕ್ಕಳ ಕೈಗೂ ಒಗ್ಗುತ್ತದೆ.

ಇದರ ಶ್ರುತಿಯಲ್ಲೊಂದು ಸ್ವಾರಸ್ಯವಿದೆ. ಸಾಮಾನ್ಯವಾಗಿ ತಂತಿವಾದ್ಯಗಳಲ್ಲಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹೋದಂತೆ ಸ್ವರ ಕ್ರಮವಾಗಿ ಏರುತ್ತದೆ ಅಥವಾ ಇಳಿಯುತ್ತದೆ. ಉಕುಲೆಲೆಯಲ್ಲಿ ಹಾಗಲ್ಲ. ಮೇಲಿನಿಂದ ಎರಡನೆಯ ತಂತಿಯನ್ನು ಷಡ್ಜವೆಂದು ಭಾವಿಸಿದರೆ, ಮೇಲಿನಿಂದ ಕೆಳಕ್ಕೆ ಬರುವ ಕ್ರಮ ಪ, ಸ, ಗ, ದ. ಹೆಬ್ಬೆರಳಿನ ಬಳಿಯ ಮೊದಲ ತಂತಿ ಮಂದ್ರದ ಸ್ವರ ಕೊಡುತ್ತದೆಂದು ನಿರೀಕ್ಷಿಸಿದವರಿಗೆ ಅಲ್ಲಿ ಕೇಳುವುದು ಅದೇ ಸ್ಥಾಯಿಯ ಪಂಚಮ. ಈ ನಾಲ್ಕು ಸ್ವರಗಳ ಜೊತೆಗೆ ರಿಷಭವೊಂದನ್ನು ಸೇರಿಸಿದರೆ ಮೋಹನ ರಾಗ, ಹಿಂದೂಸ್ತಾನಿಯವರ ಭೂಪ ಸಿದ್ಧವಾಯಿತು. ಆ ರಿಷಭ ಷಡ್ಜದ ತಂತಿಯ ಎರಡನೆಯ ಮೆಟ್ಟಿಲಿನಲ್ಲಿದೆ, ಮೇಲಿನ ಷಡ್ಜ ದೈವತದ ತಂತಿಯ ಮೂರನೆಯದರಲ್ಲಿ. ಅಂದರೆ ಎಡಗೈಯ ಎರಡೇ ಬೆರಳು ಬಳಸಿ ಒಂದು ಪೂರ್ಣ ರಾಗದ ಆರೋಹಣ ಮಾಡಬಹುದು. ಅತ್ತ ಶಾಂತಸಾಗರದ ನಡುವಿನ ವಾದ್ಯವನ್ನು ನಮ್ಮವರು ಇಷ್ಟು ಬೇಗ ಹತ್ತಿರ ಮಾಡಿಕೊಳ್ಳಬಹುದಾದ ದಾರಿ ಇದೊಂದೇ ಇರಲಾರದು, ಆದರೆ ಅತಿ ಸಲೀಸಾದ ದಾರಿ ಇದೇ.

ನಾಲ್ಕೂ ತಂತಿಗಳನ್ನು ಒಟ್ಟಿಗೆ ಗೀರಿ ಹಾಡಿಗೆ ಜೊತೆ ಕೊಡುವುದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಒಂದೊಂದೇ ತಂತಿಯನ್ನು ಬೆರಳಿನಿಂದ ಬಿಡಿಸಿ ಮೀಟುವುದು ಬೇರೆಯೇ ವಿದ್ಯೆ. ಹೆಬ್ಬೆರಳು ಮೇಲಿನ ಎರಡು ತಂತಿಗಳನ್ನು ನೋಡಿಕೊಳ್ಳುತ್ತದೆ, ತೋರುಬೆರಳು ಮೂರನೆಯದನ್ನು, ನಡುಬೆರಳು ನಾಲ್ಕನೆಯದನ್ನು. ಕೆಲವರು ಬೆರಳಿಗೊಂದು ತಂತಿ ಎಂದು ನಾಲ್ಕು ಬೆರಳುಗಳಿಗೂ ಕೆಲಸ ಹಂಚುತ್ತಾರೆ. ಕಾಗದದ ಮೇಲೆ ಇದು ಸುಲಭ. ಕೈಯಲ್ಲಿ ಮಾತ್ರ ಹೆಬ್ಬೆರಳು ಯಜಮಾನಿಕೆ ತೋರಿಸುತ್ತದೆ, ನಡುಬೆರಳು ನಾಚುತ್ತದೆ, ಉಂಗುರ ಬೆರಳಂತೂ ಪಕ್ಕದವರನ್ನು ಕೇಳದೆ ಅಲ್ಲಾಡುವುದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ನುಡಿಸುವವನಿಗೆ ತನ್ನ ತಪ್ಪು ಕೇಳಿಸುವುದಿಲ್ಲ. ಅವನ ಗಮನವೆಲ್ಲ ಮುಂದಿನ ಬೆರಳು ಎಲ್ಲಿ ಬೀಳಬೇಕು ಎಂಬುದರಲ್ಲಿ ಮುಳುಗಿರುತ್ತದೆ. ಸುಲಭದ ಜಾಗದಲ್ಲಿ ಓಡಿ ಕಷ್ಟದ ಜಾಗದಲ್ಲಿ ಕುಂಟುವುದು, ಹೆಬ್ಬೆರಳಿನ ಭಾರಕ್ಕೆ ಹಾಡಿನ ಧಾಟಿಯೇ ಮುಚ್ಚಿಹೋಗುವುದು, ಬಿಟ್ಟುಬಂದ ತಂತಿ ಹಿಂದೆ ಗುನುಗುತ್ತ ಉಳಿಯುವುದು, ಇವೆಲ್ಲ ಎದುರು ಕುಳಿತವರಿಗೆ ಒಡನೆಯೇ ತಿಳಿಯುತ್ತವೆ. ಆದ್ದರಿಂದಲೇ ಉಕುಲೆಲೆ ಕಲಿಯುವವರಲ್ಲಿ ಗೆಳೆಯರ ಕೂಟದ ಪದ್ಧತಿ ಬಲವಾಗಿ ಬೆಳೆದಿದೆ. ವಾರಕ್ಕೋ ಹದಿನೈದು ದಿನಕ್ಕೋ ಒಂದು ಧಾಟಿಯನ್ನು ಎಲ್ಲರ ಮುಂದೆ ಸವಾಲಾಗಿ ಇಡುವುದು. ಪ್ರತಿಯೊಬ್ಬರೂ ತಮ್ಮ ಶಕ್ತಿಯಿದ್ದಷ್ಟು ಅಭ್ಯಾಸ ಮಾಡಿ ನುಡಿಸಿ ತೋರಿಸುವುದು ಅಥವಾ ಮೊಬೈಲಿನಲ್ಲಿ ಮುದ್ರಿಸಿ ಕಳಿಸುವುದು. ಉಳಿದವರು ಕೇಳಿ, ಚೆನ್ನಾಗಿರುವುದು ಯಾವುದು, ತಿದ್ದಬೇಕಾದುದು ಯಾವುದು ಎಂದು ಹೇಳುವುದು. ಬಹುಮಾನವಿಲ್ಲ, ಸೋತವರೂ ಇಲ್ಲ. ಮುದ್ರಿಸಿಕೊಂಡ ಧ್ವನಿ ಇನ್ನೊಂದು ಉಪಕಾರ ಮಾಡುತ್ತದೆ: ನುಡಿಸಿದವನು ಅದನ್ನು ಕೇಳುವಾಗ ತಾನೇ ತನ್ನ ಎದುರು ಕುಳಿತಂತಾಗುತ್ತದೆ.

ಇದೆಲ್ಲ ಹೊಸ ಕಾಲದ ಆವಿಷ್ಕಾರ ಎಂದು ಯಾರಾದರೂ ಹೇಳಿದರೆ ನಮ್ಮ ಭಜನೆ ಮೇಳಗಳವರು ನಕ್ಕಾರು. ಮಠದ ಜಗಲಿಯಲ್ಲೋ ಹನುಮಪ್ಪನ ಗುಡಿಯಲ್ಲೋ ಸೇರುವ ಮೇಳದಲ್ಲಿ ಹೊಸಬನ ಕೈಗೆ ಮೊದಲು ಬರುವುದು ತಾಳ. ತಾಳ ತಪ್ಪಿದರೆ ಯಾರೂ ಹಾಡು ನಿಲ್ಲಿಸುವುದಿಲ್ಲ. ಒಂದು ನೋಟ, ಒಂದು ಹುಬ್ಬಿನ ಸನ್ನೆ, ಅಷ್ಟೇ. ಪದ ಮುಗಿದು ಎಲೆ ಅಡಿಕೆಗೆ ಕೈ ಹಾಕುವ ಹೊತ್ತಿನಲ್ಲಿ ಹಿರಿಯರೊಬ್ಬರು ಎಲ್ಲಿ ತಪ್ಪಿತೆಂದು ಹೇಳುತ್ತಾರೆ. ತಾಳ ನಿಂತ ಮೇಲೆ ಏಕತಾರಿ, ಅದು ನಿಂತ ಮೇಲೆ ಸೊಲ್ಲು ಎತ್ತಿಕೊಳ್ಳುವ ಅವಕಾಶ. ಚೌಡಿಕೆಯ ಮೇಳವೂ ಹೀಗೆಯೇ. ಒಬ್ಬರು ಚೌಡಿಕೆ ಹಿಡಿದು ಪದ ಎತ್ತುತ್ತಾರೆ, ಒಬ್ಬರು ಶ್ರುತಿ, ಇನ್ನೊಬ್ಬರು ತಾಳ. ಎತ್ತಿದವರ ಸ್ವರ ಜಾರಿದರೆ ಹಿಮ್ಮೇಳದವರು ಸರಿಯಾದ ಸ್ವರದಲ್ಲೇ ಸೊಲ್ಲನ್ನು ಮರಳಿಸುತ್ತಾರೆ. ತಿದ್ದಿದ್ದು ಕೇಳುಗರಿಗೆ ಗೊತ್ತೇ ಆಗುವುದಿಲ್ಲ, ತಿದ್ದಿಸಿಕೊಂಡವರಿಗೆ ಮಾತ್ರ ಗೊತ್ತಾಗುತ್ತದೆ.

ಹಾಡು ಮುಗಿದ ಮೇಲೆ ತಿದ್ದುವ ಈ ರೂಢಿಗೆ ವಿಜ್ಞಾನದ ಬೆಂಬಲವೂ ಇದೆ. ಕೈಚಳಕದ ಕಲಿಕೆಯನ್ನು ಕುರಿತು 1967ರಲ್ಲಿ ಪಾಲ್ ಫಿಟ್ಸ್ ಮತ್ತು ಮೈಕೆಲ್ ಪೋಸ್ನರ್ ಎಂಬ ಮನಶ್ಶಾಸ್ತ್ರಜ್ಞರು ಮೂರು ಹಂತಗಳನ್ನು ಗುರುತಿಸಿದರು. ಮೊದಲು ಪ್ರತಿ ಚಲನೆಯನ್ನೂ ಯೋಚಿಸಿ ಮಾಡುವ ಹಂತ, ಆಮೇಲೆ ಚಲನೆಗಳು ಒಂದಕ್ಕೊಂದು ಹೆಣೆದುಕೊಳ್ಳುವ ಹಂತ, ಕೊನೆಗೆ ಯೋಚನೆಯ ಹಂಗಿಲ್ಲದೆ ಕೈ ತಾನೇ ನಡೆಯುವ ಹಂತ. 1984ರಲ್ಲಿ ಸಾಲ್ಮೋನಿ, ಷ್ಮಿಟ್ ಮತ್ತು ವಾಲ್ಟರ್ ಅದುವರೆಗಿನ ಪ್ರಯೋಗಗಳನ್ನೆಲ್ಲ ಪರಿಶೀಲಿಸಿ ಇನ್ನೊಂದು ವಿಚಾರವನ್ನು ಮುಂದಿಟ್ಟರು. ಕಲಿಯುವವನನ್ನು ಹೆಜ್ಜೆ ಹೆಜ್ಜೆಗೂ ತಿದ್ದುತ್ತಿದ್ದರೆ ಆ ಹೊತ್ತಿಗೆ ಕೆಲಸ ಚೆನ್ನಾಗಿ ನಡೆಯುತ್ತದೆ. ಆದರೆ ತಿದ್ದುವವರು ಎದ್ದುಹೋದ ಮೇಲೆ ಕಲಿತದ್ದು ಉಳಿಯುವುದು ಕಡಿಮೆ, ಏಕೆಂದರೆ ಅವನು ತನ್ನ ಕಿವಿಯನ್ನು ಬಿಟ್ಟು ಇತರರ ಮಾತಿನ ಊರುಗೋಲನ್ನೇ ನೆಚ್ಚಿಕೊಂಡಿರುತ್ತಾನೆ. ಜಗಲಿಯ ಹಿರಿಯರು ಪದ ಮುಗಿಯುವವರೆಗೆ ಕಾಯುವುದು ಬರೀ ಸಭ್ಯತೆಯಿಂದಲ್ಲ ಎಂದಾಯಿತು.

ಸವಾಲಿನ ಮಾತಿಗೆ ಬಂದರೆ ಉತ್ತರ ಕರ್ನಾಟಕಕ್ಕೆ ಯಾರ ಪಾಠವೂ ಬೇಕಿಲ್ಲ. ಗೀಗೀ ಪದದ ಹರದೇಶಿ ನಾಗೇಶಿ ಮೇಳಗಳು ಎದುರು ಬದುರು ಕುಳಿತು ರಾತ್ರಿಯಿಡೀ ವಾದ ಮಾಡುತ್ತವೆ. ಶಿವ ಹೆಚ್ಚೆಂದು ಹರದೇಶಿಯವರು, ಶಕ್ತಿ ಹೆಚ್ಚೆಂದು ನಾಗೇಶಿಯವರು. ದಪ್ಪು ಮತ್ತು ತಾಳದ ಜೊತೆಗೆ ಅಲ್ಲಿರುವುದು ತುಂತುಣಿ, ಚೌಡಿಕೆಯ ಹತ್ತಿರದ ಬಂಧು, ಅದೂ ಒಂಟಿ ತಂತಿಯದೇ. ವಿಜಯಪುರ, ಬೆಳಗಾವಿ ಕಡೆ ಈ ಮೇಳಗಳ ಬಳಕೆ ಹೆಚ್ಚು. ಅಲ್ಲಿಯ ಸವಾಲು ಮೇಲ್ನೋಟಕ್ಕೆ ಜಗಳದಂತೆ ಕಂಡರೂ ಎರಡೂ ಮೇಳಗಳಿಗೆ ಪರಸ್ಪರರು ಬೇಕು. ಕೇಳಲು ಎದುರಾಳಿಯಿಲ್ಲದ ಮೇಲೆ ಉತ್ತರವನ್ನು ಕಟ್ಟುವ ಅಗತ್ಯವಾದರೂ ಏನು?

ಇಷ್ಟು ಹೇಳಿ ನಿಲ್ಲಿಸಿದರೆ ಹಳೆಯ ಮೇಳಗಳೆಲ್ಲ ಗೆಳೆತನದ ಗೂಡುಗಳಾಗಿದ್ದವೆಂಬ ಸಿಹಿ ಚಿತ್ರ ಮೂಡುತ್ತದೆ. ಅದು ಅರ್ಧ ಸತ್ಯ. ಭಜನೆ ಮೇಳಕ್ಕೆ ಊರಿನ ಗಂಡಸು ಹೋಗಬಯಸಿದರೆ ಹೋಗಿ ಕೂರುತ್ತಿದ್ದ, ಬೇಡವಾದರೆ ಎದ್ದು ಬರುತ್ತಿದ್ದ. ಚೌಡಿಕೆ ಮೇಳದ ಬಾಗಿಲು ಹಾಗಿರಲಿಲ್ಲ. ಅನೇಕ ಹೆಣ್ಣುಮಕ್ಕಳು ಆ ಬಾಗಿಲನ್ನು ದಾಟಿದ್ದು ಮುತ್ತು ಕಟ್ಟಿಸಿಕೊಂಡು. ಮುತ್ತು ಕಟ್ಟುವುದೆಂದರೆ ದೇವಿಯ ಹೆಸರಿನಲ್ಲಿ ಬಿಡುವುದು. ಬಹುಪಾಲು ದಲಿತ ಕುಟುಂಬಗಳ ಹುಡುಗಿಯರನ್ನು, ಇನ್ನೂ ತಿಳಿವಳಿಕೆ ಬರುವ ಮೊದಲೇ ಹೀಗೆ ಬಿಡುತ್ತಿದ್ದರು. ಮದುವೆಯ ಹಕ್ಕಿಲ್ಲ, ಮಕ್ಕಳಿಗೆ ತಂದೆಯ ಹೆಸರಿಲ್ಲ, ಊರಿನ ಉಳ್ಳವರ ಕಣ್ಣಿಗೆ ತಡೆಯಿಲ್ಲ. ಚೌಡಿಕೆ ನುಡಿಸುವವರೆಲ್ಲ ದೇವದಾಸಿಯರಲ್ಲ, ದೇವದಾಸಿಯರೆಲ್ಲ ಚೌಡಿಕೆ ಕಲಿತವರೂ ಅಲ್ಲ. ಆದರೂ ಈ ವಿದ್ಯೆಯ ಬಹುಭಾಗ ಹರಿದುಬಂದದ್ದು ಆ ಸೆರೆಯೊಳಗಿನಿಂದಲೇ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಭರತ ಹುಣ್ಣಿಮೆ ಜಾತ್ರೆಗೆ ಪೊಲೀಸರ ಕಾವಲು ಹಾಕಬೇಕಾಗಿ ಬಂದದ್ದು ಈ ಕಾರಣಕ್ಕೇ.

ಕಾನೂನು ಬಂದದ್ದು ತಡವಾಗಿಯೇನಲ್ಲ. ಈ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯ ಭಾಗವಾಗಿ 1953ರ ಅಕ್ಟೋಬರ್ 1ರವರೆಗೆ ಮದರಾಸು ಪ್ರಾಂತಕ್ಕೆ ಸೇರಿದ್ದವು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ವರ್ಷಗಟ್ಟಲೆ ನಡೆಸಿದ ಹೋರಾಟದ ಫಲವಾಗಿ 1947ರಲ್ಲಿ ಅಲ್ಲಿ ದೇವದಾಸಿ ನಿಷೇಧ ಕಾಯ್ದೆ ಜಾರಿಯಾಯಿತು. ಕರ್ನಾಟಕದಲ್ಲಿ ಕಾಯ್ದೆ ಬಂದದ್ದು 1982ರಲ್ಲಿ. ಕಾಯ್ದೆ ಬಂದರೂ ಪದ್ಧತಿ ಒಮ್ಮೆಗೇ ನಿಲ್ಲಲಿಲ್ಲ. ರಾಜ್ಯ ಸರ್ಕಾರ 1993-94ರಲ್ಲಿ ಮತ್ತು 2007-08ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಒಟ್ಟು 46,660 ಮಹಿಳೆಯರನ್ನು ಗುರುತಿಸಲಾಯಿತು. ಉತ್ತರ ಕರ್ನಾಟಕದ ಜಿಲ್ಲೆಗಳ, ಅದರಲ್ಲೂ ಕೂಡ್ಲಿಗಿಯಂಥ ತಾಲ್ಲೂಕುಗಳ ಪಾಲು ಅದರಲ್ಲಿ ಸಣ್ಣದಲ್ಲ.

ಈ ಬಾಗಿಲು ಮುಚ್ಚಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಗಿಲು ಮುಚ್ಚಿದಾಗ ಒಳಗೆ ಉಳಿದ ತಂತಿಯ ಗತಿಯೇನು ಎಂಬುದು ನಿಜವಾದ ಪ್ರಶ್ನೆ. ಚೌಡಿಕೆ ಬೇಡ, ಅದು ಅವಮಾನದ ಗುರುತು ಎಂದು ಆ ಮನೆಗಳ ಹೆಣ್ಣುಮಕ್ಕಳು ಹೇಳಿದರೆ ಅವರ ಮಾತಿಗೆ ಎದುರಾಡುವ ಹಕ್ಕು ಹೊರಗಿನ ಕಲಾಭಿಮಾನಿಗಳಿಗಿಲ್ಲ. ಕಲೆ ಉಳಿಯಲಿ ಎಂದು ಹಾರೈಸುವವರು ತಮ್ಮ ಮಗಳ ಕೈಗೆ ಚೌಡಿಕೆ ಕೊಡಲು ಸಿದ್ಧರಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಇಲ್ಲಿ ಉಕುಲೆಲೆಯ ಚರಿತ್ರೆ ತುಸು ಬೆಳಕು ಚೆಲ್ಲುತ್ತದೆ. ಅದು ಹವಾಯಿಯಲ್ಲಿ ಹುಟ್ಟಿದ್ದೇನೋ ನಿಜ, ಆದರೆ ಅದರ ತಾಯಿ ಹವಾಯಿಯವಳಲ್ಲ. 1879ರ ಆಗಸ್ಟ್‌ನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಪೋರ್ಚುಗಲ್ಲಿಗೆ ಸೇರಿದ ಮದೇರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊನೊಲುಲುವಿಗೆ ಬಂತು. ಅವರು ಬಂದದ್ದು ಕಬ್ಬಿನ ತೋಟಗಳಲ್ಲಿ ಕರಾರಿನ ಕೂಲಿಗಳಾಗಿ ದುಡಿಯಲು. ಅವರಲ್ಲಿದ್ದ ಮನುಎಲ್ ನೂನೆಸ್, ಅಗುಸ್ಟೊ ಡಿಯಾಸ್, ಜೊಸೆ ದೊ ಎಸ್ಪಿರಿಟೊ ಸಾಂಟೊ ಮರಗೆಲಸ ಬಲ್ಲವರು. ಕರಾರು ಮುಗಿದ ಮೇಲೆ ಅವರು ಪೇಟೆ ಸೇರಿ, ತಮ್ಮೂರಿನ ಮಶೆಟ್ ಎಂಬ ಪುಟ್ಟ ತಂತಿವಾದ್ಯವನ್ನು ಅಲ್ಲಿಯ ಕೋವಾ ಮರದಲ್ಲಿ ಮಾಡತೊಡಗಿದರು. ಶ್ರುತಿ ಬದಲಾಯಿತು, ಹೆಸರು ಬದಲಾಯಿತು. ದೊರೆ ಕಲಾಕಾವಾ ಅದನ್ನು ಅರಮನೆಯ ಕುಣಿತದ ಜೊತೆಗೆ ಕೂರಿಸಿದ. ಉಕುಲೆಲೆ ಎಂದರೆ ಹಾರುವ ಚಿಗಟ ಎಂದು ಒಂದು ಅರ್ಥ, ತಂತಿಯ ಮೇಲೆ ಬೆರಳು ಜಿಗಿಯುವುದನ್ನು ಕಂಡು ಇಟ್ಟ ಹೆಸರಂತೆ. ಬಂದ ಉಡುಗೊರೆ ಎಂಬುದು ರಾಣಿ ಲಿಲಿಯುಓಕಲಾನಿ ಹೇಳುತ್ತಿದ್ದ ಅರ್ಥ. ರಾಣಿಯ ಅರ್ಥ ಹೆಚ್ಚು ಗಂಭೀರ, ಜನರಿಗೆ ಮಾತ್ರ ಚಿಗಟವೇ ಪ್ರಿಯ.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪನಾಮ ಪೆಸಿಫಿಕ್ ಪ್ರದರ್ಶನದ ಹವಾಯಿ ಮಂಟಪದಿಂದ ಅದು ಅಮೆರಿಕದ ಮನೆಮನೆಗೆ ಹೋಯಿತು. 1960ರ ದಶಕದ ಕೊನೆಯಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಚಾಮರ್ಸ್ ಡೋನ್ ಎಂಬ ಸಂಗೀತ ಶಿಕ್ಷಕರು ಅದನ್ನು ಸರ್ಕಾರಿ ಶಾಲೆಗಳ ತರಗತಿಗೆ ತಂದರು. ಕೂಲಿಯ ಕರಾರಿನ ಜೊತೆಗೆ ಸಮುದ್ರ ದಾಟಿದ ವಾದ್ಯವನ್ನು ಇಂದು ಕೈಗೆತ್ತಿಕೊಳ್ಳಲು ಯಾವ ಕರಾರಿಗೂ ಸಹಿ ಹಾಕಬೇಕಿಲ್ಲ. ವಾದ್ಯ ಉಳಿಯಿತು, ಕರಾರು ಕಳಚಿತು. ನಡುವೆ ಒಂದು ಶಾಲೆ, ಒಂದು ಕೂಟ ಬೇಕಾಯಿತು.

ನಮ್ಮಲ್ಲಿ ಅಂಥದ್ದು ನಡೆದೇ ಇಲ್ಲವೆಂದಲ್ಲ. ಹಗರಿಬೊಮ್ಮನಹಳ್ಳಿಗೆ ಹತ್ತಿರದ ಮರಿಯಮ್ಮನಹಳ್ಳಿಯ ಮಂಜಮ್ಮ ಜೋಗತಿಯವರ ಬದುಕು ಇದಕ್ಕೆ ಸಾಕ್ಷಿ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಬಯಸಿದ ಅವರು ಮನೆಯಿಂದ ಹೊರಬಿದ್ದು, ಭಿಕ್ಷೆ ಬೇಡಿ, ಬದುಕೇ ಬೇಡವೆನಿಸಿದ ದಿನಗಳಲ್ಲಿ ದಾವಣಗೆರೆಯ ಬಸ್ ನಿಲ್ದಾಣದ ಬಳಿ ಒಬ್ಬ ತಂದೆ ಮತ್ತು ಮಗನನ್ನು ಕಂಡರು. ತಂದೆ ಹಾಡುತ್ತಿದ್ದ, ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಮಂಜಮ್ಮ ಅವರ ಗುಡಿಸಲಿಗೆ ಹೋಗಿ ಬಂದು ಕಲಿತರು. ಯಾರೂ ಜಾತಿ ಕೇಳಿ, ಶುಲ್ಕ ಪಡೆದು ಸೇರಿಸಿಕೊಂಡ ಪಾಠವಲ್ಲ ಅದು. ಮುಂದೆ ಕಾಳವ್ವ ಜೋಗತಿಯವರ ಮೇಳ ಸೇರಿ, ಅವರ ತರುವಾಯ ಅದನ್ನು ಮುನ್ನಡೆಸಿದರು. ಬೀದಿಯಲ್ಲಿ ಕಾಣಿಕೆಗೆ ಕೈಯೊಡ್ಡುತ್ತಿದ್ದ ಜೋಗತಿ ನೃತ್ಯ ರಂಗದ ಮೇಲೆ ಬಂತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು.

ಅದೇ ಸೀಮೆಯ ಇನ್ನೊಂದು ಹೆಸರು ದರೋಜಿ ಈರಮ್ಮನವರದು. ಬುಡ್ಗ ಜಂಗಮ ಸಮುದಾಯದ ಈರಮ್ಮ ತಂಬೂರಿ ಹೆಗಲಿಗೇರಿಸಿ ಬುರ್ರಕಥೆ ಹೇಳುತ್ತಿದ್ದರು. ಅಕ್ಷರ ಬಾರದ ಆ ತಾಯಿಯ ನೆನಪಿನಲ್ಲಿದ್ದ ಮಹಾಕಾವ್ಯಗಳನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಬರಹಕ್ಕಿಳಿಸಿ ಪ್ರಕಟಿಸಿತು. 2014ರಲ್ಲಿ ಅವರು ತೀರಿಕೊಂಡರು. ಪುಸ್ತಕದಲ್ಲಿ ಕಥೆ ಇದೆ. ಕಥೆಯ ನಡುವೆ ತಂಬೂರಿಯ ಮೇಲೆ ಬೆರಳು ಎಲ್ಲಿ ತಡೆಯುತ್ತಿತ್ತು, ಎಲ್ಲಿ ಓಡುತ್ತಿತ್ತು ಎಂಬುದನ್ನು ಅಚ್ಚಿನಮೊಳೆ ಹೇಗೆ ತಾನೇ ಹಿಡಿದೀತು? ಪಕ್ಕದಲ್ಲಿ ನಿಂತು ಹೂಂಗುಟ್ಟಿದವರಿಗಷ್ಟೇ ಅದು ಗೊತ್ತು.

ಪ್ರಶಸ್ತಿ, ವೇದಿಕೆ, ಗ್ರಂಥ, ಎಲ್ಲವೂ ಬೇಕು. ಆದರೆ ವೇದಿಕೆಯ ಮೇಲೆ ಪ್ರದರ್ಶನ ನಡೆಯುತ್ತದೆಯೇ ಹೊರತು ಕಲಿಕೆಯಲ್ಲ. ಉತ್ಸವದಲ್ಲಿ ತಂಡಕ್ಕೆ ಕೊಡುವ ಹತ್ತು ನಿಮಿಷದಲ್ಲಿ ಯಾವ ಹೊಸಬಳೂ ತಪ್ಪು ಮಾಡುವ ಧೈರ್ಯ ಮಾಡಲಾರಳು. ತಪ್ಪು ಮಾಡಲು ಬೇಕಾದದ್ದು ಸಂಜೆಯ ಹೊತ್ತು, ಐದಾರು ಸರೀಕರು, ನಗದೆ ಕೇಳುವ ಕಿವಿಗಳು. ಇವನ್ನು ಹೊಂದಿಸುವುದಕ್ಕೆ ದೊಡ್ಡ ಯೋಜನೆಯೇನೂ ಬೇಕಿಲ್ಲ. ಪ್ರೌಢಶಾಲೆಯ ಒಂದು ಕೋಣೆ ಸಾಕು, ಚೌಡಿಕೆ ಬಲ್ಲ ಒಬ್ಬರು ಸಾಕು. ಅವರಿಗೆ ಗೌರವಧನವನ್ನು ತಿಂಗಳು ತಿಂಗಳು ತಪ್ಪದೆ ಕೊಡಬೇಕು. ಗಂಡು ಮಕ್ಕಳು, ಹೆಣ್ಣು ಮಕ್ಕಳು, ಎಲ್ಲ ಓಣಿಯವರು ಕೂರಬೇಕು. ಯಾರ ಕೊರಳಲ್ಲಿ ಏನಿದೆ ಎಂದು ಕೇಳುವಂತಿರಬಾರದು. ಮನೆಗೆ ಹೋಗಿ ಮುದ್ರಿಸಿ ಕಳಿಸಲು ಮೊಬೈಲು ಹೇಗೂ ಎಲ್ಲೆಡೆ ಇದೆ.

ಆ ಕೋಣೆಗೆ ಯಾರಾದರೂ ಹುಡುಗ ಉಕುಲೆಲೆ ತಂದರೂ ಬಾಧಕವಿಲ್ಲ. ಅವನ ಎರಡನೆಯ ತಂತಿಯ ಷಡ್ಜಕ್ಕೆ ಚೌಡಿಕೆಯನ್ನು ಹೊಂದಿಸಿಕೊಳ್ಳಬಹುದು, ಆಗ ಅವನ ತೆರೆದ ತಂತಿಗಳ ಪ, ಗ, ದ ಜೊತೆಗೆ ನಿಲ್ಲುತ್ತವೆ. ಹೊಂದಿಸುವುದು ಕಷ್ಟವಲ್ಲ, ಹೊಂದಿದ್ದನ್ನು ಹಾಗೇ ಹಿಡಿದಿರುವುದು ಕಷ್ಟ. ನಾಲ್ಕು ಸೊಲ್ಲು ಹಾಡುವಷ್ಟರಲ್ಲಿ ಕೈ ದಣಿದು, ಬಿಗಿತ ಸಡಿಲಿ, ಸ್ವರ ಕೂದಲೆಳೆಯಷ್ಟು ಕೆಳಗಿಳಿದಿರುತ್ತದೆ. ಹಾಡುತ್ತಿರುವವಳಿಗೆ ಅದು ತಿಳಿಯುವುದಿಲ್ಲ. ಪಕ್ಕದಲ್ಲಿ ಕೂತ ಹುಡುಗ ತನ್ನ ತಂತಿಯನ್ನು ಒಮ್ಮೆ ಮೆಲ್ಲಗೆ ಮೀಟಿದರೆ ತಿಳಿಯುತ್ತದೆ.